ಕಾಯಿಪಲ್ಲೆಗೆ ಹೋದ ಸಂಬಳ

ಕೋರ್ಟಿನ ಸಮಾಲೋಚನೆ ಕೋಣೆಯಲ್ಲಿ ನನ್ನ ಗಂಡ ಆಡಿದ ಒಂದು ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. ಅವರು ಗದರಲಿಲ್ಲ, ಬೈಯಲಿಲ್ಲ. ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ ಸಮಾಧಾನದಿಂದ, ಮರಾಠಿಯಲ್ಲಿ ಹೇಳಿದರು: "ಫ್ಲ್ಯಾಟಿನ ಕಂತು ಹನ್ನೊಂದು ವರ್ಷ ಒಂದೂ ತಪ್ಪದೆ ಕಟ್ಟಿದವನು ನಾನು. ಇವಳ ಸಂಬಳ ಕಾಯಿಪಲ್ಲೆಗೆ ಹೋಯಿತು. ಕಾಯಿಪಲ್ಲೆ ತಿಂದು ಮುಗಿಯಿತು. ಈಗ ಅದಕ್ಕೆ ಏನು ಕೊಡಲಿ?"

ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಎದುರಿಗಿದ್ದ ಸಮಾಲೋಚಕಿ ಏನೋ ಬರೆದುಕೊಂಡರು. ತಿಂದು ಮುಗಿಯಿತಂತೆ! ತಿಂದವರು ಯಾರು? ಅವರೇ. ಅವರ ತಾಯಿ. ನಮ್ಮ ಮಗಳು. ಎರಡು ಹೊತ್ತು ಉಂಡು, ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಸಿಕೊಂಡು ಹೋದದ್ದಕ್ಕೇ ಅಲ್ಲವೇ ಅವರ ಸಂಬಳ ಮುಕ್ಕಾಗದೆ ಉಳಿದದ್ದು, ಕಂತಾಗಿ ಹೋಗಿ ಗೋಡೆಯಾದದ್ದು? ಇದನ್ನು ಬರೆಯುವಾಗಲೂ ನೋಡಿ, ‘ಅವರು’ ಎಂದೇ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದ ರೂಢಿ. ಸಿಟ್ಟು ನೆತ್ತಿಗೇರಿದರೂ ಬಹುವಚನ ಬಿಟ್ಟುಹೋಗುವುದಿಲ್ಲ.

ನಾನು ವಿಜಯಪುರದವಳು. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಬಿ.ಕಾಂ. ಮುಗಿಯುತ್ತಲೇ ಪುಣೆಗೆ ಮದುವೆ ಮಾಡಿಕೊಟ್ಟರು. ಗಂಡ ಖಡಕಿಯ ಸರಕಾರಿ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವರ ತಂದೆಯೂ ಅಲ್ಲೇ ದುಡಿದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಅಂಗಳದಲ್ಲಿ ಒಂದು ಕರಿಬೇವಿನ ಗಿಡ. ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ನಾನು ಹಿಂಜವಾಡಿಯ ಒಂದು ಕಂಪನಿಯಲ್ಲಿ ಸಂಬಳ ವಿಭಾಗಕ್ಕೆ ಸೇರಿದೆ. ಯಾರಿಗೆ ಎಷ್ಟು ಹೋಗಬೇಕು, ಎಷ್ಟು ಮುರಿಯಬೇಕು, ಭವಿಷ್ಯನಿಧಿಗೆ ಯಾರು ವಾರಸುದಾರರು, ಇದೇ ನನ್ನ ದಿನದ ಕೆಲಸ. ಸಾವಿರಾರು ಜನರ ಕಾಗದಗಳು ನನ್ನ ಕೈಯಲ್ಲಿ ಹಾದುಹೋಗಿವೆ. ನನ್ನ ಕಾಗದ ಮಾತ್ರ ನಾನು ನೋಡಲಿಲ್ಲ.

ಫ್ಲ್ಯಾಟು ತೆಗೆದುಕೊಳ್ಳುವ ಮಾತು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಹಿಂಜವಾಡಿಯ ಹತ್ತಿರ ಹೊಸ ಕಟ್ಟಡ ಏಳುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಸರಕಾರಿ ನೌಕರಗ ಸಾಲ ಲಗೂನ ಸಿಗ್ತದ. ನಿನ್ನ ಹೆಸರೂ ಹಾಕಿದ್ರ ಸುಮ್ಮನ ಕಾಗದಪತ್ರ ಹೆಚ್ಚಾಗ್ತಾವ. ನನ್ನ ಪಗಾರದಾಗ ಕಂತು ಹೋಗ್ಲಿ, ನಿನ್ನ ಪಗಾರದಾಗ ಮನಿ ನಡೀಲಿ. ಎಲ್ಲಾ ಒಂದ ಅಲ್ಲೇನು?"

ಒಂದೇ ಎಂದು ನಾನೂ ಅಂದುಕೊಂಡೆ. ಮುಂಗಡಕ್ಕೆ ರೊಕ್ಕ ಕಡಿಮೆ ಬಿದ್ದಾಗ ತವರಿನಲ್ಲಿ ಹಾಕಿದ್ದ ನಾಲ್ಕು ಬಂಗಾರದ ಪಾಟ್ಲಿ ಬಳೆ ಬಿಚ್ಚಿಕೊಟ್ಟೆ. ಬಿಚ್ಚುವಾಗ ಸೋಪು ಹಚ್ಚಬೇಕಾಯಿತು. ಆಭರಣದ ಅಂಗಡಿಗೆ ಇಬ್ಬರೂ ಹೋಗಿದ್ದೆವು. ಬಂದ ಹಣ ಅವರ ಖಾತೆಗೆ ಹೋಯಿತು, ಅಲ್ಲಿಂದ ಬಿಲ್ಡರಿಗೆ.

ಆ ಫ್ಲ್ಯಾಟಿನಲ್ಲಿ ನಾವು ಒಂದು ದಿನವೂ ವಾಸ ಮಾಡಲಿಲ್ಲ. ಕ್ವಾರ್ಟರ್ಸು ಇತ್ತಲ್ಲ. ಸಾಫ್ಟ್‌ವೇರ್ ಹುಡುಗರಿಗೆ ಬಾಡಿಗೆಗೆ ಕೊಟ್ಟರು. ಬಾಡಿಗೆಯೂ ಅವರ ಖಾತೆಗೇ. ಕಂಪನಿಯ ಬಸ್ಸು ದಿನಾ ಅದರ ಮುಂದೆಯೇ ಹೋಗುತ್ತಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗ ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಯಾರದೋ ಟವೆಲ್ಲು ಒಣಗುತ್ತಿರುವುದು ಕಾಣಿಸುತ್ತಿತ್ತು. ಪಕ್ಕದವಳಿಗೆ "ಅದು ನಮ್ಮ ಮನಿ" ಎಂದು ತೋರಿಸಿದ್ದೂ ಉಂಟು.

ಏಳು ವರ್ಷ ಕಳೆದ ಮೇಲೆ, ಗಂಡ ತೀರಿಹೋದ ಒಬ್ಬಾಕೆಯ ಕಾಗದಪತ್ರ ಆಫೀಸಿನಲ್ಲಿ ಮಾಡಿಕೊಡುತ್ತಿದ್ದೆ. ಮನೆ ಗಂಡನ ಹೆಸರಿನಲ್ಲಿತ್ತು. ಮೈದುನರು ತಕರಾರು ತೆಗೆದಿದ್ದರು. ಅವತ್ತು ಸಂಜೆ ಮನೆಗೆ ಬಂದು ಚಹಾ ಕೊಡುತ್ತಾ ಕೇಳಿದೆ: "ಫ್ಲ್ಯಾಟಿನ ಕಾಗದದಾಗ ನನ್ನ ಹೆಸರೂ ಸೇರಿಸೋಣಲ್ಲಾ?"

"ನನ್ನ ಮ್ಯಾಲ ನಂಬಿಗಿ ಇಲ್ಲೇನು?" ಎಂದರು. ಅಷ್ಟೇ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ಒಂದು ವಾರ ಬಿಡುತ್ತಾರೆ, ಒಂದು ತಿಂಗಳು ಬಿಡುತ್ತಾರೆ ಎಂದುಕೊಂಡೆ. ನಾಲ್ಕು ವರ್ಷ ಬಿಟ್ಟರು. ಮೂರು ಮಾರು ದೂರದಲ್ಲಿ ನಾನು ನಿಂತಿದ್ದರೂ ತಾಯಿಯ ಕಡೆ ತಿರುಗಿ, "ಅಕಿಗೆ ಹೇಳು, ನಾಳೆ ನಾ ಊಟಕ್ಕ ಇರಂಗಿಲ್ಲಂತ" ಎನ್ನುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ, ನಾನು ಕಿವುಡಿ ಎಂಬಂತೆ ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದರು. ನನ್ನ ಸಂಬಳ ಮಾತ್ರ ತಿಂಗಳು ತಿಂಗಳು ಜಂಟಿ ಖಾತೆಗೆ ಬೀಳುತ್ತಲೇ ಇತ್ತು. ಅದರ ಜೊತೆ ಅವರಿಗೆ ಮುನಿಸಿರಲಿಲ್ಲ.

ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಗ ಒಂದು ದಿನ ತಟ್ಟೆ ಮುಂದಿಟ್ಟುಕೊಂಡು ಕೇಳಿದಳು: "ಮಮ್ಮಿ, ನಾಳೆ ನಂಗೂ ಮದುವಿ ಆದ್ರ ಹಿಂಗ ಇರೋದು ಕಲೀಬೇಕೇನು?" ಆ ವಾರವೇ ವಿಜಯಪುರಕ್ಕೆ ಅಣ್ಣನಿಗೆ ಫೋನು ಮಾಡಿ, ವಿಚ್ಛೇದನ ತೆಗೆದುಕೊಳ್ಳುತ್ತೇನೆ ಎಂದೆ.

"ಮಾತಾಡಂಗಿಲ್ಲ ಅಂತ ಯಾರರ ಸೋಡಚೀಟಿ ತಗೋತಾರೇನು ತಂಗಿ?" ಎಂದ ಅಣ್ಣ. "ಕುಡೀತಾನೇನು? ಹೊಡೀತಾನೇನು? ಸುಮ್ಮ ಅದಾನಂದ್ರ ಒಳ್ಳೇದ ಆತಲ್ಲ, ಮನ್ಯಾಗ ಶಾಂತಿ ಇರ್ತದ."

ಶಾಂತಿ! ಹೊಡೆದಿದ್ದರೆ ಗಾಯ ತೋರಿಸಬಹುದಿತ್ತು. ನಾಲ್ಕು ವರ್ಷ ಒಬ್ಬ ಹೆಂಗಸನ್ನು ಗೋಡೆಯ ಹಾಗೆ ನೋಡಿದ್ದಕ್ಕೆ ಯಾವ ಡಾಕ್ಟರು ಚೀಟಿ ಬರೆದುಕೊಡುತ್ತಾರೆ?

ಆಫೀಸಿನ ಗೆಳತಿಯೊಬ್ಬಳು ವಕೀಲೆಯ ವಿಳಾಸ ಕೊಟ್ಟಳು. ಸದಾಶಿವ ಪೇಠದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಮೇಲಿನ ಮಹಡಿ. ಕೆಳಗೆ ಮಕ್ಕಳು ಸೈಕಲ್ಲು, ಸ್ಕೂಟರು ಒತ್ತೊತ್ತಾಗಿ ನಿಲ್ಲಿಸಿದ್ದರಿಂದ ಮೆಟ್ಟಿಲು ಹತ್ತಲೂ ಜಾಗ ಇರಲಿಲ್ಲ. ವಕೀಲೆ ನನಗಿಂತ ಹತ್ತು ವರ್ಷ ಚಿಕ್ಕವಳು, ಮರಾಠಿಯವಳು. ಹೇಳಿಕೊಂಡು ಅಳಬೇಕು ಎಂದು ಕರ್ಚೀಫು ಹಿಡಿದುಕೊಂಡೇ ಹೋಗಿದ್ದೆ. ಅವಳು ಅಳಲು ಬಿಡಲೇ ಇಲ್ಲ.

"ಫ್ಲ್ಯಾಟು ಯಾರ ಹೆಸರಿನಲ್ಲಿದೆ?"

"ಅವರ ಹೆಸರಿನಲ್ಲಿ."

"ನಿಮ್ಮ ಸಂಬಳ ಯಾವ ಖಾತೆಗೆ ಹೋಗುತ್ತದೆ?"

"ಜಂಟಿ ಖಾತೆಗೆ."

"ಬ್ಯಾಂಕಿನ ಲಾಕರು?"

"ಅವರದು ಮತ್ತು ಅವರ ತಾಯಿಯದು."

"ಆಸ್ಪತ್ರೆ ಖರ್ಚು ಬಂದರೆ?"

"ಅವರ ನೌಕರಿಯ ಸೌಲಭ್ಯದಲ್ಲಿ."

"ನೀವು ಏನು ಕೆಲಸ ಮಾಡುತ್ತೀರಿ ಅಂದಿರಿ?"

"ಸಂಬಳ ವಿಭಾಗ" ಎಂದೆ. ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ. ಆದರೆ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಆ ನಾಚಿಕೆ ಮೆಟ್ಟಿಲಿಳಿಯುವಷ್ಟರಲ್ಲಿ ಸಿಟ್ಟಾಗಿತ್ತು. ಓದಿದವಳು, ದುಡಿಯುವವಳು ಎಂದು ನನ್ನನ್ನು ತೋರಿಸಿ ಹೆಮ್ಮೆಪಟ್ಟವರಲ್ಲಿ ಒಬ್ಬರಾದರೂ, ನಿನ್ನ ಹೆಸರಿನಲ್ಲಿ ಏನಿದೆ ಎಂದು ಕೇಳಿದ್ದರೇ? ನಾನೇ ಕೇಳಿಕೊಂಡಿರಲಿಲ್ಲ. ಅವತ್ತು ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆಯೇ.

ಅರ್ಜಿ ಹಾಕುವುದು ಆಮೇಲೆ, ಮೊದಲು ಮೂರು ತಿಂಗಳು ಈ ಕೆಲಸ ಮಾಡಿ ಎಂದಿದ್ದಳು ವಕೀಲೆ. ಬೇರೆ ಬ್ಯಾಂಕಿನಲ್ಲಿ ನನ್ನೊಬ್ಬಳ ಖಾತೆ, ಸಂಬಳ ಅಲ್ಲಿಗೆ. ಮನೆ ಖರ್ಚು ನಿಲ್ಲಿಸಬಾರದು, ಆದರೆ ನಗದು ಕೊಡಬಾರದು, ಎಲ್ಲವೂ ಬ್ಯಾಂಕಿನ ಮೂಲಕವೇ ಹೋಗಬೇಕು. ಸಿಕ್ಕ ಕಾಗದಕ್ಕೆಲ್ಲ ಜೆರಾಕ್ಸ್. ಇನ್ನೊಂದು ಮಾತನ್ನು ಎರಡು ಸಲ ಹೇಳಿದಳು: "ನಿಮ್ಮದೇ ಆರೋಗ್ಯ ವಿಮೆ ಈಗಲೇ ಮಾಡಿಸಿ. ತೀರ್ಪು ಬಂದ ದಿನ ನೀವು ಅವರ ಸೌಲಭ್ಯದಿಂದ ಹೊರಗೆ. ಹೊಸ ವಿಮೆ ಎಲ್ಲ ಕಾಯಿಲೆಗೂ ಮೊದಲ ದಿನದಿಂದ ದುಡ್ಡು ಕೊಡುವುದಿಲ್ಲ."

ಖಾತೆ ಬದಲಿಸುವ ಫಾರ್ಮು ನಾನೇ ತುಂಬಿದೆ. ಅದು ಬಂದದ್ದೂ ನನ್ನ ಮೇಜಿಗೇ. ನನ್ನ ಹೆಸರು, ನನ್ನ ಸಂಖ್ಯೆ, ನನ್ನ ಸಹಿ. ಐದು ನಿಮಿಷದ ಕೆಲಸ.

ಮರುತಿಂಗಳ ಎರಡನೆಯ ತಾರೀಖು ಸಂಜೆ ನಾನು ಬಸ್ಸಿಳಿದು ಮನೆಗೆ ಬಂದೆ. ಚಪ್ಪಲಿ ಬಿಡುತ್ತಿದ್ದೆ. ಅವರು ಒಳಗಿನಿಂದ ಬಂದು ನನ್ನೆದುರು ನಿಂತರು. ತಾಯಿಯ ಕಡೆ ತಿರುಗಲಿಲ್ಲ. ನೆಟ್ಟಗೆ ನನ್ನ ಮುಖ ನೋಡಿ ಕೇಳಿದರು: "ಪಗಾರ ಎಲ್ಲಿ?"

ನಾಲ್ಕು ವರ್ಷದ ನಂತರ ನನ್ನ ಗಂಡ ನನ್ನ ಜೊತೆ ಆಡಿದ ಮೊದಲ ಮಾತು ಇದು.

ನನಗೆ ಜ್ವರ ಬಂದಿತ್ತು, ಮಾತಾಡಿರಲಿಲ್ಲ. ನನ್ನಪ್ಪ ತೀರಿಕೊಂಡರು, ಮಾತಾಡಿರಲಿಲ್ಲ. ಮಗಳಿಗೆ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದು ಮನೆತುಂಬ ಪೇಡೆ ಹಂಚಿದ ದಿನವೂ ಮಾತಾಡಿರಲಿಲ್ಲ. ಒಂದು ತಿಂಗಳ ಸಂಬಳ ಬೀಳಲಿಲ್ಲ, ಬಾಯಿ ಬಂತು! "ನನ್ನ ಹೆಸರಿನ್ಯಾಗ ಅದ" ಎಂದೆ. ಆಮೇಲೆ, "ಇನ್ನ ಮ್ಯಾಲ ಅಲ್ಲೇ ಇರ್ತದ."

ಮೂರು ತಿಂಗಳು ಮುಗಿಯುತ್ತಲೇ ವಕೀಲೆ ನೋಟಿಸು ಕಳಿಸಿದಳು. ಬೇರೆಯಾಗಲು ಅವರೂ ಒಪ್ಪಿದರು. ಜಗಳ ಉಳಿದದ್ದು ಯಾರಿಗೆ ಏನು ಎಂಬುದರಲ್ಲಿ. ಮೊದಲ ಸಮಾಲೋಚನೆಯಲ್ಲೇ ಆ ಕಾಯಿಪಲ್ಲೆಯ ಮಾತು ಬಂದದ್ದು. ಹೊರಗೆ ಬಂದ ಮೇಲೆ ವಕೀಲೆಯನ್ನು ಕೇಳಿದೆ: "ಕಾನೂನು ಏನು ಹೇಳುತ್ತದೆ?"

"ಕಾನೂನು ಕಾಗದದ ಮೇಲಿನ ಹೆಸರು ನೋಡುತ್ತದೆ" ಎಂದಳು. "ನೀವು ದುಡಿಯುವವರು, ಜೀವನಾಂಶವೂ ಹೆಚ್ಚು ಸಿಗುವುದಿಲ್ಲ. ಆ ಫ್ಲ್ಯಾಟಿನಲ್ಲಿ ನಿಮ್ಮ ಹಣ ಹೋಗಿದೆ ಎಂದು ತೋರಿಸಲು ಏನಾದರೂ ಇದೆಯೇ?"

ದುಡಿಯದೇ ಇದ್ದಿದ್ದರೆ ಪರಾವಲಂಬಿ ಎಂದು ಏನಾದರೂ ಸಿಗುತ್ತಿತ್ತು. ದುಡಿದು ಮನೆಗೆ ಸುರಿದದ್ದಕ್ಕೆ, ದುಡಿಯುತ್ತೀಯಲ್ಲ ನಡಿ ಎನ್ನುತ್ತಾರೆ. ಇದು ಯಾವ ನ್ಯಾಯ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬ್ಯಾಂಕಿಗೆ ಹೋಗಿ ಹಳೆಯ ಖಾತೆಯ ಪೂರ್ತಿ ವಿವರ ತೆಗೆಸಿದೆ. ಮಗಳು ಹಳದಿ ಸ್ಕೆಚ್ ಪೆನ್ನು ಹಿಡಿದು ಕೂತಳು. ಶಾಲೆಯ ಫೀಸು, ಅತ್ತೆಯ ಔಷಧಿ, ನಾದಿನಿಯ ಮದುವೆಯ ಸೀರೆ, ಫ್ರಿಜ್ಜು. ಹಾಳೆಗಟ್ಟಲೆ ಹಳದಿಯಾಯಿತು. ವಕೀಲೆ ಅಷ್ಟನ್ನೂ ತಿರುವಿ ಹಾಕಿ, "ಇದು ನೀವು ಒಳ್ಳೆಯ ಗೃಹಿಣಿ ಎಂದು ತೋರಿಸುತ್ತದೆ" ಎಂದಳು. ನನಗಿಂತ ಹೆಚ್ಚು ಸಿಟ್ಟು ಅವಳ ದನಿಯಲ್ಲಿತ್ತು.

ಆಗ ಪಾಟ್ಲಿ ನೆನಪಾಯಿತು. ಬಿಲ್ಲು ನನ್ನ ಹತ್ತಿರ ಇರಲಿಲ್ಲ. ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದಿದ್ದ ಮುದುಕರು ಅಷ್ಟು ಹಳೆಯದು ಸಿಗುವುದಿಲ್ಲ ಎಂದರು. ಮರುವಾರ ಮತ್ತೆ ಹೋದೆ. ಕಾಯಿರಿ, ಅಟ್ಟದ ಮೇಲೆ ನೋಡಿಸುತ್ತೇನೆ ಎಂದರು. ಮೂರನೆಯ ಸಲ ಹೋದಾಗ ಒಂದು ದಪ್ಪ ಪುಸ್ತಕ ಒರೆಸಿ ಇಟ್ಟಿದ್ದರು. ನಾಲ್ಕು ಪಾಟ್ಲಿ, ತೂಕ, ದರ; ಕೆಳಗೆ ಮಾರಿದವರ ಹೆಸರು, ಸಹಿ. ಅದು ನನ್ನ ಸಹಿ. ಬಿಲ್ಡರಿಗೆ ಮುಂಗಡ ಹೋದದ್ದರ ಹಿಂದಿನ ದಿನದ ತಾರೀಖು. ಆ ಇಡೀ ಫ್ಲ್ಯಾಟಿನ ವ್ಯವಹಾರದಲ್ಲಿ ನನ್ನ ಹೆಸರು ಇದ್ದದ್ದು ಆ ಒಂದು ಸಾಲಿನಲ್ಲಿ. ಮುದುಕರು ತಾವೇ ಜೆರಾಕ್ಸ್ ಮಾಡಿಸಿ, ಅಂಗಡಿಯ ಮುದ್ರೆ ಹಾಕಿ ಕೊಟ್ಟರು. ಯಾಕೆ ಬೇಕು ಎಂದು ಕೇಳಲಿಲ್ಲ. ನೀರು ಕೊಟ್ಟರು, ಅಷ್ಟೇ.

ಎರಡನೆಯ ಸಮಾಲೋಚನೆಗೆ ಅವರ ಜೊತೆ ಅತ್ತೆಯೂ ಬಂದಿದ್ದರು. ಅವರು ಒಳಗೆ ಮಾತಾಡುತ್ತಿದ್ದಾಗ ಅತ್ತೆ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಸರಿದು ಕೂತು, ನನ್ನ ಕೈ ಹಿಡಿದುಕೊಂಡರು.

"ಅವಾ ಏನರ ಅನ್ಲಿ ಬಿಡವಾ" ಎಂದರು. "ನಂಗ ಗೊತ್ತದ. ನಿನ್ನ ರೊಕ್ಕದಾಗ ಉಂಡೇನಿ. ಈ ಬಾಯಾಗಿನ ಹಲ್ಲು ಸೈತ ನಿನ್ನ ರೊಕ್ಕದ್ದವ."

ಅವರ ಹಲ್ಲಿನ ಸೆಟ್ಟು ಮಾಡಿಸಿದವಳು ನಾನೇ. ಹಳದಿ ಹಾಳೆಯಲ್ಲಿ ಅದೂ ಇತ್ತು. ನಾನು ಅವರ ಕೈ ಗಟ್ಟಿಯಾಗಿ ಹಿಡಿದೆ. "ಅತ್ತೀ, ಇದ ಮಾತು ಒಳಗ ಬಂದು ಹೇಳ್ರಿ. ಬ್ಯಾರೆ ಏನೂ ಬ್ಯಾಡ. ಇಷ್ಟ ಹೇಳ್ರಿ."

ಅವರು ನನ್ನ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡರು. "ಹೆಂಗ ಹೇಳ್ಲೆವಾ. ನಾಳಿ ನಾ ಉಣ್ಣೋದು ಅವನ ಮನ್ಯಾಗ."

ಸಿಟ್ಟು ಬಂತು. ಆಮೇಲೆ ಬಸ್ಸಿನಲ್ಲಿ ಕೂತಾಗ ಯೋಚಿಸಿದೆ, ಎಪ್ಪತ್ತೆರಡು ವರ್ಷದ ಆ ಹೆಂಗಸಿನ ಹೆಸರಿನಲ್ಲಿ ಏನಿದೆ? ಲಾಕರಿನ ಅರ್ಧ ಹೆಸರು ಇದೆ, ಅದರ ಕೀಲಿಯೂ ಮಗನ ಕಪಾಟಿನಲ್ಲಿ. ಅವರ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯದಾಯಿತು.

ಪಾಟ್ಲಿಯ ಕಾಗದ ಕೆಲಸ ಮಾಡಿತು. ಅದನ್ನು ಮೇಜಿನ ಮೇಲಿಟ್ಟಾಗ ಗಂಡ ಎತ್ತಿಕೊಂಡು ಓದಿದರು. ತಮ್ಮ ವಕೀಲರ ಜೊತೆ ಹೊರಗೆ ಹೋಗಿ ಬಂದರು. ಕೊನೆಗೆ ಒಪ್ಪಂದ ಹೀಗಾಯಿತು: ನಾಲ್ಕು ಪಾಟ್ಲಿಗೆ ಇವತ್ತಿನ ಬಂಗಾರದ ದರದಲ್ಲಿ ಹಣ, ಒಂದೇ ಸಲಕ್ಕೆ; ಮಗಳ ಓದಿಗೆ ಅವಳ ಹೆಸರಿನಲ್ಲಿ ಠೇವಣಿ; ಲಾಕರಿನಲ್ಲಿದ್ದ ನನ್ನ ಸರ ಮತ್ತು ಕಿವಿಯೋಲೆ ವಾಪಸು. ಫ್ಲ್ಯಾಟು ಅವರದು. ಹನ್ನೊಂದು ವರ್ಷ ಮನೆ ನಡೆಸಿದ ನನ್ನ ಸಂಬಳಕ್ಕೆ, ಏನೂ ಇಲ್ಲ.

"ಹೋರಾಡಬಹುದು" ಎಂದಳು ವಕೀಲೆ. "ಆದರೆ ಎಷ್ಟು ವರ್ಷ ಎಂದು ನಾನು ಹೇಳಲಾರೆ. ತಿಂಗಳಿಗಿಷ್ಟು ಎಂದು ಒಪ್ಪಿಕೊಂಡರೆ ತಿಂಗಳಿಗೊಮ್ಮೆ ಕೇಳುತ್ತಾ ಕೂರಬೇಕು. ಒಂದೇ ಸಲ ತೆಗೆದುಕೊಂಡು ಹೊರಗೆ ಬನ್ನಿ." ನಾನು ಒಪ್ಪಿದೆ. ಮಗಳ ಕಾಲೇಜು ಶುರುವಾಗುವುದಿತ್ತು, ನನಗೆ ನಲವತ್ತೊಂದು. ಒಪ್ಪಿ ಸಹಿ ಮಾಡಿದೆ ನಿಜ. ಆದರೆ ನ್ಯಾಯ ಸಿಕ್ಕಿತು ಎಂದು ದಯವಿಟ್ಟು ಯಾರೂ ನನಗೆ ಹೇಳಬೇಡಿ.

ಬಾಡಿಗೆ ಮನೆ ಹುಡುಕುವಾಗ ಇನ್ನೊಂದು ಅವಮಾನ. "ಮಿಸ್ಟರ್ ಏನು ಮಾಡುತ್ತಾರೆ?" ಎಂಬುದು ಎಲ್ಲ ಮಾಲೀಕರ ಮೊದಲ ಪ್ರಶ್ನೆ. ಒಬ್ಬರಂತೂ ನನ್ನ ಸಂಬಳದ ಚೀಟಿ ನೋಡಿದ ಮೇಲೂ, ಅಣ್ಣನಿಂದ ಒಂದು ಪತ್ರ ತನ್ನಿ ಎಂದರು. ನಲವತ್ತೊಂದು ವರ್ಷದವಳು ಬಾಡಿಗೆ ಕೊಡುತ್ತಾಳೆ ಎಂದು ಅಣ್ಣ ಬರೆದುಕೊಡಬೇಕು! ಕಡೆಗೆ ಸದಾಶಿವ ಪೇಠದಲ್ಲೇ, ತೊಟ್ಟಿ ಮನೆಯಂಥ ಹಳೆಯ ವಾಡೆಯೊಂದರ ಹಿಂಭಾಗದಲ್ಲಿ ಒಂದೂವರೆ ಕೋಣೆ ಸಿಕ್ಕಿತು. ಮಾಲೀಕಳು ಒಂಟಿ ಮುದುಕಿ. ಅವಳು ಕೇಳಿದ್ದು ಒಂದೇ: "ನೀರು ಬೆಳಿಗ್ಗೆ ಆರಕ್ಕೆ ಬರುತ್ತದೆ, ಏಳುತ್ತೀಯಾ?"

ಪಾಟ್ಲಿಯ ಹಣ ಮುಟ್ಟದೆ ಇಟ್ಟೆ. ಭವಿಷ್ಯನಿಧಿಯ ವಾರಸುದಾರರ ಜಾಗದಲ್ಲಿ ಮಗಳ ಹೆಸರು ಬರೆದೆ. ತಿಂಗಳಿಗಿಷ್ಟು ನಿವೃತ್ತಿಗೆ ಎಂದು ಕಡ್ಡಾಯವಾಗಿ ತೆಗೆದಿಡುತ್ತೇನೆ. ತಡವಾಗಿ ಶುರುಮಾಡಿದ್ದರಿಂದ ಬಹಳ ತೆಗೆದಿಡಬೇಕು. ಮೊದಲ ವರ್ಷ ಹೊಸ ಚಪ್ಪಲಿಯೂ ಕೊಳ್ಳಲಿಲ್ಲ.

ಬೇರೆಯಾಗಿ ವರ್ಷ ದಾಟಿದ ಮೇಲೆ ಅಣ್ಣ ಬಂದ. ಅತ್ತಿಗೆ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ತಂದಿದ್ದ. ಒಂದೂವರೆ ಕೋಣೆ ನೋಡಿ "ಪಾಪ" ಎಂದ. ಊಟ ಮಾಡಿದ. ಆಮೇಲೆ ಚೀಲದಿಂದ ಛಾಪಾ ಕಾಗದ ತೆಗೆದ.

"ಅಪ್ಪನ ಅಂಗಡಿ ಜಾಗಾದ್ದು ತಂಗಿ. ಒಂದು ಸಹಿ ಹಾಕು. ಸುಮ್ಮ ಇರಲಿ ಅಂತ."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಅವನು ಎರಡು ಸಲ ಗಡಿಯಾರ ನೋಡಿದ. ಹಕ್ಕು ಬಿಟ್ಟುಕೊಡುವ ಪತ್ರ ಅದು. ಮದುವೆಯ ಕಾಲದಲ್ಲಿ ನನಗೆ ಸಲ್ಲಬೇಕಾದದ್ದೆಲ್ಲ ಸಂದಿದೆಯೆಂದೂ, ಪ್ರೀತಿಯಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಡುತ್ತಿದ್ದೇನೆಂದೂ ನನ್ನ ಪರವಾಗಿ ಯಾರೋ ಬರೆದಿದ್ದರು.

"ಏನು ಸಂದದ ಅಣ್ಣಾ ನಂಗ?"

"ಮದುವಿ ಮಾಡಿ ಕೊಟ್ಟೀವಲ್ಲ."

"ಆ ಮದುವಿ ಮುಗೀತಲ್ಲ."

"ಕೋರ್ಟು ಕಚೇರಿ ತಿರುಗಿ ನಿನ್ನ ತಲಿ ಕೆಟ್ಟದ" ಎಂದು ಎದ್ದು ನಿಂತ. "ತಂಗಿ ಅಂತ ಬಂದ್ರ ವಕೀಲರಂಗ ಮಾತಾಡ್ತಿ."

"ತಂಗಿ ಅಂತ ಬಂದಿದ್ರ ಕಾಗದ ಯಾಕ ತರ್ತಿದ್ದಿ?" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಮಾಲೀಕ ಮುದುಕಿ ಬಾಗಿಲಿಗೆ ಬಂದು ಇಣುಕಿದಳು. ಸೋಡಚೀಟಿ ಬೇಡ ಅಂದವನು ನೀನು, ನಾನು ಮನೆ ಹುಡುಕುವಾಗ ಒಂದು ಫೋನೂ ಮಾಡದವನು ನೀನು, ಈಗ ನನ್ನ ಹತ್ತಿರ ಉಳಿದ ಒಂದನ್ನೂ ಬಿಡಿಸಿಕೊಳ್ಳಲು ಬಂದೆಯಾ ಎಂದು ಕೇಳಿದೆ. ಅವನು ಡಬ್ಬಿ ಅಲ್ಲೇ ಬಿಟ್ಟು ಹೋದ.

ಅದಾದ ಮೇಲೆ ಎಷ್ಟೋ ಫೋನುಗಳು ಬಂದವು. ಚಿಕ್ಕಪ್ಪನಿಂದ, ಅತ್ತಿಗೆಯಿಂದ, ಅವನಿಂದಲೇ. ಎಲ್ಲರಿಗೂ ಒಂದೇ ಮಾತು ಹೇಳಿದೆ: ಜಾಗ ಇಬ್ಬರ ಹೆಸರಿನಲ್ಲಿರಲಿ, ಅಪ್ಪ ತೀರಿಕೊಂಡ ಮೇಲೆ ಅಂಗಡಿ ಬಾಡಿಗೆಗೆ ಹೋಗಿದೆ, ಆ ಬಾಡಿಗೆ ಇಬ್ಬರಿಗೂ ಬರಲಿ, ನಾನು ಮಾರು ಎಂದು ಕೇಳುವುದಿಲ್ಲ. ದಸರೆ ಮುಗಿದ ಮೇಲೆ ಅಣ್ಣ ಒಪ್ಪಿದ. ವಿಜಯಪುರಕ್ಕೆ ಹೋಗಿ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಅತ್ತಿಗೆ ಕುಂಕುಮ ಹಚ್ಚಲು ಮರೆತವಳಂತೆ ಒಳಗೇ ಉಳಿದಳು.

ಮರುತಿಂಗಳು ನನ್ನ ಖಾತೆಗೆ ಅರ್ಧ ಬಾಡಿಗೆ ಬಂತು. ಮೊಬೈಲಿನಲ್ಲಿ ನೋಡಿದೆ. ಹಣದ ಜೊತೆ ಅಣ್ಣ ಒಂದು ಸಾಲು ಬರೆದಿದ್ದ: ‘ತಂಗಿಗೆ ಸಹಾಯ’.

ನಾನು ಅಷ್ಟನ್ನೂ ಆಗಲೇ ಹಿಂದಕ್ಕೆ ಕಳಿಸಿದೆ. ಫೋನು ಮಾಡಿ ಹೇಳಿದೆ: "ಇದು ಸಹಾಯ ಅಲ್ಲಣ್ಣ. ಏನದನೋ ಅದನ್ನ ಬರಿ."

ಅವನು ಏನೋ ಗೊಣಗಿ ಫೋನಿಟ್ಟ. ಎರಡು ದಿನ ಏನೂ ಬರಲಿಲ್ಲ. ಮಗಳು, "ಮಮ್ಮಿ, ರೊಕ್ಕ ಬಂದಿತ್ತಲ್ಲ, ಏನರ ಬರೀಲಿ ಬಿಡು" ಎಂದಳು. ನಾನು ಬಿಡಲಿಲ್ಲ. ಮೂರನೆಯ ದಿನ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮೊಬೈಲು ಸದ್ದು ಮಾಡಿತು. ಅದೇ ಹಣ. ಈ ಸಲ ‘ಬಾಡಿಗೆ, ಅರ್ಧ’ ಎಂದಿತ್ತು.

ಇಟ್ಟುಕೊಂಡೆ.